ಟೂರಿಂಗ್ ಮೋಟಾರ್‌ಸೈಕಲ್ಲಿನಲ್ಲಿ ಉಪಗ್ರಹ ರೇಡಿಯೊ: ಆಂಟೆನಾಗೆ ಆಕಾಶ ಕಾಣುವಂತೆ ಮಾಡುವ ಬಗೆ

ಕಾರಿನಲ್ಲಿ ಗಂಟೆಗಟ್ಟಲೆ ತಡೆಯಿಲ್ಲದೆ ಕೇಳಿಸುವ ಉಪಗ್ರಹ ರೇಡಿಯೊ, ಅದೇ ರಸ್ತೆಯಲ್ಲಿ ಮೋಟಾರ್‌ಸೈಕಲ್ ಓಡಿಸುವಾಗ ಮಾತ್ರ ಹಾಡಿನ ನಡುವೆ ಇದ್ದಕ್ಕಿದ್ದಂತೆ ಮೂಕವಾಗುವುದು ದೂರಪ್ರಯಾಣದ ಸವಾರರಿಗೆ ಚೆನ್ನಾಗಿ ಗೊತ್ತಿರುವ ಕಿರಿಕಿರಿ. ಇಂಥ ಸಂದರ್ಭದಲ್ಲಿ ಮೊದಲ ಸಂಶಯ ರಿಸೀವರಿನ ಮೇಲೆ ಬೀಳುತ್ತದೆ. ಅದನ್ನು ಬದಲಾಯಿಸಿದ ಮೇಲೂ ತೊಂದರೆ ಹಾಗೆಯೇ ಉಳಿದರೆ ಸೇವೆಯನ್ನೇ ದೂರುವುದು ವಾಡಿಕೆ. ತಪ್ಪು ಬಹುಮಟ್ಟಿಗೆ ಇವೆರಡರಲ್ಲೂ ಇರುವುದಿಲ್ಲ, ಆಂಟೆನಾ ಕುಳಿತಿರುವ ಜಾಗದಲ್ಲಿರುತ್ತದೆ. ಕಾರಿನ ಆಂಟೆನಾ ಚಾವಣಿಯ ಮೇಲಿರುವುದರಿಂದ ಅದರ ಸುತ್ತ ಆಕಾಶ ಪೂರ್ತಿ ತೆರೆದಿರುತ್ತದೆ, ಕೆಳಗೆ ಅಗಲವಾದ ಲೋಹದ ತಗಡು ಹಾಸಿರುತ್ತದೆ. ಮೋಟಾರ್‌ಸೈಕಲ್ಲಿನಲ್ಲಿ ಈ ಎರಡು ಅನುಕೂಲಗಳೂ ತಾವಾಗಿ ಒದಗುವುದಿಲ್ಲ, ಮೇಲಾಗಿ ಅದರ ಅತ್ಯಂತ ಎತ್ತರದ ವಸ್ತುವೆಂದರೆ ಸವಾರನೇ. ಆದ್ದರಿಂದ ಈ ಬರಹದಲ್ಲಿ ಹೊಸ ಸಾಮಾನು ಕೊಳ್ಳುವುದಕ್ಕಿಂತ, ಇರುವ ಆಂಟೆನಾಗೆ ಆಕಾಶದ ಸರಿಯಾದ ಭಾಗ ಕಾಣುವಂತೆ ಮಾಡುವುದು ಹೇಗೆ ಎಂಬುದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಇಲ್ಲಿ ಹೇಳಿರುವುದೆಲ್ಲವೂ ಅಮೆರಿಕ ಮತ್ತು ಕೆನಡಾದ ರಸ್ತೆಗಳಿಗೆ, ಅಂದರೆ ಸಿರಿಯಸ್‌ಎಕ್ಸ್‌ಎಂ ಸೇವೆಗೆ ಅನ್ವಯಿಸುತ್ತದೆ. 2001ರಲ್ಲಿ ಎಕ್ಸ್‌ಎಂ, 2002ರಲ್ಲಿ ಸಿರಿಯಸ್ ಪ್ರಸಾರ ಆರಂಭಿಸಿದವು. ಎರಡೂ 2008ರಲ್ಲಿ ಒಂದಾದವು. ಹಳೆಯ ರಿಸೀವರುಗಳು ಈ ಎರಡು ಜಾಲಗಳಲ್ಲಿ ಯಾವುದಾದರೂ ಒಂದಕ್ಕೆ ಮಾತ್ರ ಒಗ್ಗುತ್ತವೆ ಎಂಬುದನ್ನು ಬಿಟ್ಟರೆ, ಆಂಟೆನಾದ ಮಟ್ಟಿಗೆ ಎರಡರ ಲೆಕ್ಕವೂ ಒಂದೇ.

ಸಿಗ್ನಲ್ ಎಲ್ಲಿಂದ ಬರುತ್ತದೆ

ಈ ಪ್ರಸಾರ ನಡೆಯುವುದು 2320ರಿಂದ 2345 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ. ಕೆಳಗಿನ ಅರ್ಧ ಸಿರಿಯಸ್‌ನದು, ಮೇಲಿನ ಅರ್ಧ ಎಕ್ಸ್‌ಎಂನದು. ಇಲ್ಲಿ ತರಂಗದ ಉದ್ದ ಸುಮಾರು 13 ಸೆಂಟಿಮೀಟರ್. ಇಷ್ಟು ಚಿಕ್ಕ ತರಂಗವು ಅಡ್ಡ ಬಂದ ವಸ್ತುಗಳನ್ನು ಬಳಸಿಕೊಂಡು ಮುಂದೆ ಸಾಗುವುದು ಕಡಿಮೆ. ಅದು ಬೆಳಕಿನ ಹಾಗೆ ನೇರವಾಗಿ ಬರುತ್ತದೆ, ಅಡ್ಡ ನಿಂತದ್ದರ ಹಿಂದೆ ನೆರಳು ಬೀಳಿಸುತ್ತದೆ. ನೀರು ಈ ತರಂಗವನ್ನು ಹೀರುತ್ತದೆ. ಮನುಷ್ಯನ ಮೈಯಲ್ಲಿ ಹೆಚ್ಚಿನ ಪಾಲು ನೀರೇ ಆಗಿರುವುದರಿಂದ, ಆಂಟೆನಾದ ಪಕ್ಕದಲ್ಲಿ ಕುಳಿತ ಸವಾರ ಅದರ ಪಾಲಿಗೆ ಒಂದು ಗೋಡೆಯಿದ್ದ ಹಾಗೆ. ಮಳೆಯಲ್ಲಿ ನೆನೆದ ಮರಗಳ ಸಾಲಿನಡಿಯಲ್ಲಿ ರೇಡಿಯೊ ಒಣ ದಿನಕ್ಕಿಂತ ಹೆಚ್ಚು ಸಲ ನಿಲ್ಲುವುದಕ್ಕೂ ಇದೇ ಕಾರಣ.

ಸಿರಿಯಸ್ ಆರಂಭದಲ್ಲಿ ಮೂರು ಉಪಗ್ರಹಗಳನ್ನು ಉದ್ದನೆಯ ಅಂಡಾಕಾರದ ಕಕ್ಷೆಯಲ್ಲಿ ಹಾರಿಸಿ, ಅವು ಸರದಿಯಂತೆ ಉತ್ತರ ಅಮೆರಿಕದ ನೆತ್ತಿಯ ಹತ್ತಿರ ಬರುವಂತೆ ಮಾಡಿತ್ತು. ಈಗ ಭಾರ ಹೊತ್ತಿರುವವು ಭೂಸ್ಥಿರ ಉಪಗ್ರಹಗಳು. ಇವು ಸಮಭಾಜಕ ವೃತ್ತದ ಮೇಲೆ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿ ಇರುವುದರಿಂದ, ಅಮೆರಿಕ ಮತ್ತು ಕೆನಡಾದ ಎಲ್ಲ ಊರಿಗೂ ದಕ್ಷಿಣ ದಿಕ್ಕಿನಲ್ಲೇ ಕಾಣುತ್ತವೆ. ಎಕ್ಸ್‌ಎಂ ಜಾಲದ ಉಪಗ್ರಹಗಳು ಪಶ್ಚಿಮ ರೇಖಾಂಶ 85 ಮತ್ತು 115 ಡಿಗ್ರಿಗಳ ಆಸುಪಾಸಿನಲ್ಲಿವೆ. ಅವು ಎಷ್ಟು ಎತ್ತರದಲ್ಲಿ ಕಾಣುತ್ತವೆ ಎಂಬುದು ಸವಾರ ಇರುವ ಜಾಗವನ್ನು ಅವಲಂಬಿಸಿದೆ. ಡಾಲಸ್‌ನಲ್ಲಿ ನಿಂತವನಿಗೆ ಪೂರ್ವದ ಉಪಗ್ರಹ ದಿಗಂತದಿಂದ ಸುಮಾರು 50 ಡಿಗ್ರಿ ಮೇಲಿದ್ದರೆ, ಸಿಯಾಟಲ್‌ನಲ್ಲಿ ಅದೇ ಉಪಗ್ರಹ 25 ಡಿಗ್ರಿಯಷ್ಟು ಕೆಳಕ್ಕಿಳಿದು ಆಗ್ನೇಯ ದಿಕ್ಕಿನಲ್ಲಿರುತ್ತದೆ. ಮೇಯ್ನ್ ರಾಜ್ಯದ ಬ್ಯಾಂಗರ್‌ನಲ್ಲಿ ಪಶ್ಚಿಮದ ಉಪಗ್ರಹ ಕೇವಲ 21 ಡಿಗ್ರಿ ಎತ್ತರದಲ್ಲಿ ನೈಋತ್ಯಕ್ಕೆ ಕಾಣುತ್ತದೆ. ಉತ್ತರಕ್ಕೆ ಹೋದಷ್ಟೂ ಸಿಗ್ನಲ್ ಓರೆಯಾಗಿ ಬರುತ್ತದೆ. ಓರೆಯಾದಷ್ಟೂ ಮರ, ಗುಡ್ಡ, ಸಾಮಾನಿನ ಮೂಟೆ, ಸವಾರನ ಬೆನ್ನು ಎಲ್ಲವೂ ಅಡ್ಡವಾಗುತ್ತವೆ.

ಎರಡು ಉಪಗ್ರಹಗಳು ಒಂದೇ ಕಾರ್ಯಕ್ರಮವನ್ನು ಕಳಿಸುವುದರ ಹಿಂದೆ ಒಂದು ಜಾಣತನವಿದೆ. ಒಂದರ ಪ್ರಸಾರ ಇನ್ನೊಂದಕ್ಕಿಂತ ಸುಮಾರು 4 ಸೆಕೆಂಡ್ ತಡವಾಗಿರುತ್ತದೆ, ರಿಸೀವರ್ ಮುಂಚೆ ಬಂದದ್ದನ್ನು ಅಷ್ಟು ಹೊತ್ತು ಹಿಡಿದಿಟ್ಟುಕೊಂಡು ಎರಡನ್ನೂ ಹೊಂದಿಸುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ 4 ಸೆಕೆಂಡ್ ಎಂದರೆ ಸುಮಾರು 110 ಮೀಟರ್ ದೂರ. ಹಾಗಾಗಿ ಹೆದ್ದಾರಿಗೆ ಅಡ್ಡಲಾಗಿರುವ ಮೇಲ್ಸೇತುವೆಯೊಂದರ ಕೆಳಗೆ ಹಾದುಹೋಗುವಾಗ, ಎರಡೂ ಉಪಗ್ರಹಗಳು ಸರಿಯಾಗಿ ಸಿಗುತ್ತಿದ್ದರೆ, ಧ್ವನಿ ತುಂಡಾಗಬಾರದು. ಪ್ರತಿ ಚಿಕ್ಕ ಸೇತುವೆಯ ಕೆಳಗೂ ನಿಮ್ಮ ರೇಡಿಯೊ ನಿಲ್ಲುತ್ತಿದ್ದರೆ, ನಿಮ್ಮ ಆಂಟೆನಾ ಬಯಲಿನಲ್ಲಿಯೂ ಒಂದೇ ಉಪಗ್ರಹವನ್ನು ನಂಬಿಕೊಂಡು ಓಡುತ್ತಿದೆ, ಎರಡನೆಯದು ಯಾವುದೋ ಮರೆಯಲ್ಲಿದೆ ಎಂದು ತಿಳಿಯಬೇಕು. ಮೋಟಾರ್‌ಸೈಕಲ್ಲಿನ ತೊಂದರೆಗಳಲ್ಲಿ ಬಹುಪಾಲಿನ ಮೂಲ ಇದೇ: ಬಯಲಿನಲ್ಲಿ ಎಲ್ಲವೂ ಚೆನ್ನಾಗಿದ್ದಂತೆ ಕಾಣುತ್ತದೆ, ಆದರೆ ಕೈಯಲ್ಲಿ ಉಳಿತಾಯವೆಂಬುದು ಇರುವುದಿಲ್ಲ, ಒಂದು ಮರ ಅಡ್ಡ ಬಂದರೆ ಸಾಕು.

ದೊಡ್ಡ ನಗರಗಳಲ್ಲಿ ಕಟ್ಟಡಗಳ ನಡುವೆ ಕೇಳಿಸಲೆಂದು ನೆಲದ ಮೇಲಿನ ಮರುಪ್ರಸಾರ ಗೋಪುರಗಳೂ ಇವೆ. ಪೇಟೆಯೊಳಗೆ ಸೊಗಸಾಗಿ ಹಾಡಿ, ಊರು ದಾಟಿದೊಡನೆ ಸೊರಗುವ ರೇಡಿಯೊ ಈ ಗೋಪುರಗಳ ಕೃಪೆಯಿಂದಷ್ಟೇ ನಡೆಯುತ್ತಿರುತ್ತದೆ. ಅದರ ಆಂಟೆನಾ ಉಪಗ್ರಹವನ್ನು ಸರಿಯಾಗಿ ಕಾಣುತ್ತಲೇ ಇಲ್ಲ.

ಮೊದಲು ತೊಂದರೆ ಯಾವುದೆಂದು ಗುರುತಿಸಿ

ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಕಿವಿಗೆ ಕೆಲಸ ಕೊಡಬೇಕು. ಇದು ಡಿಜಿಟಲ್ ಪ್ರಸಾರವಾದ್ದರಿಂದ ಸಿಗ್ನಲ್ ಕುಗ್ಗಿದಾಗ ಎಫ್‌ಎಂ ರೇಡಿಯೊದ ಹಾಗೆ ಸೊಯ್ಯೆಂಬ ಸದ್ದು ಬರುವುದಿಲ್ಲ. ಧ್ವನಿ ಒಂದೋ ಸ್ವಚ್ಛವಾಗಿ ಬರುತ್ತದೆ, ಇಲ್ಲವೇ ತುಂಡುತುಂಡಾಗಿ ನಿಂತುಹೋಗುತ್ತದೆ. ಸೊಯ್ಯೆಂಬ ಸದ್ದು ಬರುತ್ತಿದ್ದರೆ, ರಿಸೀವರಿನಿಂದ ಬೈಕಿನ ಆಡಿಯೊಗೆ ಎಫ್‌ಎಂ ಟ್ರಾನ್ಸ್‌ಮಿಟರ್ ಮೂಲಕ ಧ್ವನಿ ಕಳಿಸುತ್ತಿದ್ದೀರಿ ಎಂದೇ ಅರ್ಥ, ಅದಕ್ಕೆ ಪರಿಹಾರ ನೇರವಾದ ಆಡಿಯೊ ಕೇಬಲ್. ಎಂಜಿನ್ ವೇಗ ಏರಿದಂತೆ ಏರುವ ಕೀರಲು ಸದ್ದು ಬಂದರೆ ಅದು ಚಾರ್ಜಿಂಗ್ ವ್ಯವಸ್ಥೆಯಿಂದ ಆಡಿಯೊ ತಂತಿಗೆ ನುಸುಳಿದ ಗದ್ದಲ. ರಿಸೀವರ್ ಮತ್ತು ಆಂಪ್ಲಿಫೈಯರುಗಳ ನೆಗೆಟಿವ್ ತಂತಿಗಳನ್ನು ಒಂದೇ ಬಿಂದುವಿಗೆ ಸೇರಿಸುವುದರಿಂದ, ಅದಕ್ಕೂ ಬಗ್ಗದಿದ್ದರೆ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ (ಆಡಿಯೊ ತಂತಿಯಲ್ಲಿ ಇಂಥ ಗದ್ದಲವನ್ನು ತಡೆಯುವ ಸಣ್ಣ ಸಾಧನ) ಹಾಕುವುದರಿಂದ ಅದು ಹೋಗುತ್ತದೆ. ಈ ಎರಡಕ್ಕೂ ಆಂಟೆನಾ ಬದಲಾಯಿಸಿ ಪ್ರಯೋಜನವಿಲ್ಲ.

ಪರದೆಯ ಮೇಲಿನ ಸಂದೇಶಗಳನ್ನೂ ಬೇರ್ಪಡಿಸಿ ಓದಬೇಕು. ಆಂಟೆನಾ ಪರೀಕ್ಷಿಸಿ ಎಂಬರ್ಥದ ಸಂದೇಶ ಬಂದರೆ, ರಿಸೀವರಿನಿಂದ ಆಂಟೆನಾಗೆ ಹೋಗುವ ವಿದ್ಯುತ್ ಎಲ್ಲೋ ತುಂಡಾಗಿದೆ ಅಥವಾ ಶಾರ್ಟ್ ಆಗಿದೆ. ಇದು ಕೇಬಲ್ ಅಥವಾ ಕನೆಕ್ಟರಿನ ರೋಗ. ಸಿಗ್ನಲ್ ಇಲ್ಲ ಅಥವಾ ಸಿಗ್ನಲ್ ಹುಡುಕಲಾಗುತ್ತಿದೆ ಎಂದು ಬಂದರೆ ತಂತಿ ಸರಿಯಿದೆ, ಆಕಾಶ ಕಾಣುತ್ತಿಲ್ಲ. ಕೆಲವು ಚಾನೆಲ್‌ಗಳು ಮಾತ್ರ ಸಿಗದೆ ಉಳಿದವು ಬರುತ್ತಿದ್ದರೆ ಅದು ಚಂದಾದಾರಿಕೆಯ ವಿಷಯ. ಬೈಕನ್ನು ಬಯಲಿನಲ್ಲಿ ನಿಲ್ಲಿಸಿ, ರೇಡಿಯೊ ಚಾಲೂ ಇಟ್ಟು, ಸೇವೆಯವರಿಂದ ರಿಫ್ರೆಶ್ ಸಿಗ್ನಲ್ (ಚಂದಾದಾರಿಕೆಯನ್ನು ರಿಸೀವರಿಗೆ ಮತ್ತೆ ತಿಳಿಸುವ ಸಂಕೇತ) ಕಳಿಸಿಕೊಂಡು ಕೆಲವು ನಿಮಿಷ ಕಾದರೆ ಸರಿಹೋಗುತ್ತದೆ. ಆಗ ಕೇಳುವ ರೇಡಿಯೊ ಗುರುತಿನ ಸಂಖ್ಯೆ 0 ಚಾನೆಲ್‌ಗೆ ಹೋದರೆ ಸಾಮಾನ್ಯವಾಗಿ ಪರದೆಯ ಮೇಲೆ ಕಾಣುತ್ತದೆ. ಗ್ಯಾರೇಜಿನ ಚಾವಣಿಯ ಕೆಳಗೆ ನಿಂತು ಈ ರಿಫ್ರೆಶ್ ಮಾಡಿಸಲು ಹೋಗಿ ಅರ್ಧ ದಿನ ಕಳೆದವರಲ್ಲಿ ನಾನೂ ಒಬ್ಬ.

ಬಹುತೇಕ ರಿಸೀವರುಗಳ ಮೆನುವಿನಲ್ಲಿ ಸಿಗ್ನಲ್ ಬಲವನ್ನು ತೋರಿಸುವ ಪುಟವೊಂದಿರುತ್ತದೆ. ಅದರಲ್ಲಿ ಉಪಗ್ರಹಕ್ಕೊಂದು, ನೆಲದ ಗೋಪುರಕ್ಕೊಂದು ಪಟ್ಟಿ ಬೇರೆಬೇರೆಯಾಗಿ ಕಾಣಿಸಿದರೆ ನೀವು ನೋಡಬೇಕಾದದ್ದು ಉಪಗ್ರಹದ ಪಟ್ಟಿಯನ್ನು. ಈಗ ನಿಜವಾದ ಪರೀಕ್ಷೆ. ಎತ್ತರದ ಮರ, ಕಟ್ಟಡಗಳಿಲ್ಲದ ಖಾಲಿ ಮೈದಾನದಲ್ಲಿ, ಪ್ರವಾಸದಲ್ಲಿ ಕೂರುವ ಹಾಗೆಯೇ ಹೆಲ್ಮೆಟ್ ಹಾಕಿಕೊಂಡು ಬೈಕಿನ ಮೇಲೆ ಕುಳಿತು, ಮುಂಭಾಗವನ್ನು ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮ ಮತ್ತು ನಾಲ್ಕು ಮೂಲೆಗಳ ಕಡೆಗೆ ಒಂದೊಂದಾಗಿ ತಿರುಗಿಸಿ ನಿಲ್ಲಿಸಿ, ಪ್ರತಿ ಸಲವೂ ಅರ್ಧ ನಿಮಿಷ ಕಾದು ಪಟ್ಟಿ ಎಷ್ಟಿದೆ ಎಂದು ಬರೆದುಕೊಳ್ಳಿ. ಆಮೇಲೆ ಬೈಕಿನಿಂದ ಇಳಿದು ದೂರ ನಿಂತು ಅದೇ ಎಂಟು ದಿಕ್ಕುಗಳನ್ನು ಮತ್ತೊಮ್ಮೆ ನೋಡಿ. ಓಡಿಸುತ್ತಾ ಪರದೆ ನೋಡುವ ಸಾಹಸ ಬೇಡ; ನಿಂತು ಮಾಡಿದರೂ ಉತ್ತರ ಅದೇ ಸಿಗುತ್ತದೆ.

ಇಳಿದಾಗ ಎಲ್ಲ ದಿಕ್ಕಿನಲ್ಲೂ ಚೆನ್ನಾಗಿದ್ದು, ಕುಳಿತಾಗ ಕೆಲವು ದಿಕ್ಕಿನಲ್ಲಿ ಕುಸಿದರೆ ಮರೆ ನೀವೇ. ಇಳಿದರೂ ಕೆಲವು ದಿಕ್ಕಿನಲ್ಲಿ ಕುಸಿದರೆ ಮರೆ ಬೈಕಿನ ಯಾವುದೋ ಭಾಗ. ಎಂಟೂ ದಿಕ್ಕಿನಲ್ಲಿ ಒಂದೇ ಸಮನೆ ದುರ್ಬಲವಾಗಿದ್ದರೆ ಆಗ ಮಾತ್ರ ಕೇಬಲ್, ಕನೆಕ್ಟರ್ ಅಥವಾ ಆಂಟೆನಾವನ್ನೇ ಸಂಶಯಿಸಬೇಕು. ಈ ಅರ್ಧ ಗಂಟೆಯ ಕೆಲಸವನ್ನು ಬಿಟ್ಟು ನೇರವಾಗಿ ಹೊಸ ಆಂಟೆನಾ ಕೊಂಡವರು ಅದನ್ನು ಹಳೆಯ ಜಾಗದಲ್ಲೇ ಕೂರಿಸಿ ಹಳೆಯ ತೊಂದರೆಯನ್ನೇ ಮರಳಿ ಪಡೆಯುತ್ತಾರೆ.

ಆಂಟೆನಾಗೆ ಜಾಗ ಹುಡುಕುವುದು

ಬಿಡಿಯಾಗಿ ಸಿಗುವ ಆಂಟೆನಾ ಸಾಮಾನ್ಯವಾಗಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಹೆಚ್ಚು ಅಥವಾ ಕಡಿಮೆ ಅಗಲದ, ತಳದಲ್ಲಿ ಆಯಸ್ಕಾಂತವಿರುವ ಚಪ್ಪಟೆ ಬಿಲ್ಲೆ. ಒಳಗೆ ಚಪ್ಪಟೆಯಾದ ಪ್ಯಾಚ್ ಆಂಟೆನಾ ಮತ್ತು ಸಿಗ್ನಲನ್ನು ಹಿಗ್ಗಿಸುವ ಸಣ್ಣ ಆಂಪ್ಲಿಫೈಯರ್ ಇರುತ್ತವೆ. ಪ್ಯಾಚ್ ಆಂಟೆನಾ ತನ್ನ ನೆತ್ತಿಯ ದಿಕ್ಕಿನಲ್ಲಿ ಚುರುಕು, ಅಂಚಿನ ಕಡೆಗೆ ಮಂದ. ಅದನ್ನು ಮಲಗಿಸಿ, ಮುಖ ಆಕಾಶಕ್ಕಿರುವಂತೆ ಇಡಬೇಕು. ಹತ್ತು ಹದಿನೈದು ಡಿಗ್ರಿ ವಾಲಿದರೆ ಅಡ್ಡಿಯಿಲ್ಲ. ಆದರೆ ಫೇರಿಂಗಿನ (ಬೈಕಿನ ಮುಂಭಾಗದಲ್ಲಿ ಗಾಳಿ ತಡೆಯುವ ಹೊರಕವಚದ) ಪಕ್ಕದ ಇಳಿಜಾರಿನಲ್ಲಿ ಅಥವಾ ನಂಬರ್ ಪ್ಲೇಟಿನ ಹಾಗೆ ನಿಲ್ಲಿಸಿ ಅಂಟಿಸಿದರೆ ಅದು ಆಕಾಶದ ಅರ್ಧವನ್ನು ಕಳೆದುಕೊಳ್ಳುತ್ತದೆ. ದಕ್ಷಿಣಕ್ಕೆ ವಾಲಿಸಿದರೆ ಒಳ್ಳೆಯದಲ್ಲವೇ ಎಂದು ಕೆಲವರು ಕೇಳುತ್ತಾರೆ. ನಿಂತಲ್ಲೇ ಇರುವ ಮನೆಯ ರೇಡಿಯೊಗೆ ಅದು ಸರಿ. ದಿಕ್ಕು ಬದಲಾಯಿಸುತ್ತಾ ಓಡುವ ಬೈಕಿಗೆ ಸಮತಲವೇ ಸೂಕ್ತ.

ಸವಾರನ ನೆರಳಿನ ಲೆಕ್ಕ ಹೀಗಿದೆ. ಹೆಲ್ಮೆಟ್ಟಿನ ತುದಿ ಆಂಟೆನಾಗಿಂತ 70 ಸೆಂಟಿಮೀಟರ್ ಎತ್ತರದಲ್ಲಿದೆ ಎಂದುಕೊಳ್ಳೋಣ. ಉಪಗ್ರಹ 50 ಡಿಗ್ರಿ ಮೇಲಿದ್ದರೆ ಆ ನೆರಳು ಸುಮಾರು 60 ಸೆಂಟಿಮೀಟರ್ ಚಾಚುತ್ತದೆ. 30 ಡಿಗ್ರಿಯಲ್ಲಿದ್ದರೆ 120 ಸೆಂಟಿಮೀಟರ್ ಚಾಚುತ್ತದೆ. ಹ್ಯಾಂಡಲ್‌ಬಾರಿನ ನಡುವೆ ಅಥವಾ ಡ್ಯಾಶ್‌ಬೋರ್ಡಿನ ಮೇಲೆ ಕೂರಿಸಿದ ಆಂಟೆನಾ ಎದೆಯಿಂದ 60 ಸೆಂಟಿಮೀಟರ್ ದೂರದಲ್ಲಿರುತ್ತದೆ. ಅಂದರೆ ಟೆಕ್ಸಸ್‌ನಲ್ಲಿ ತಪ್ಪಿಸಿಕೊಳ್ಳುವಷ್ಟು ದೂರದಲ್ಲಿರುವ ಆಂಟೆನಾ ಮೊಂಟಾನಾ ತಲುಪುವಷ್ಟರಲ್ಲಿ ಪೂರ್ತಿ ನೆರಳಿನೊಳಗಿರುತ್ತದೆ. ಮುಂದೆ ಕೂರಿಸಿದ ಆಂಟೆನಾಗೆ ಈ ಮರೆ ಬರುವುದು ಉತ್ತರದ ಕಡೆ ಓಡುವಾಗ, ಏಕೆಂದರೆ ಆಗ ದಕ್ಷಿಣದ ಆಕಾಶ ಸವಾರನ ಬೆನ್ನ ಹಿಂದಿರುತ್ತದೆ. ಹಿಂದೆ, ಸವಾರನ ಬೆನ್ನಿಗೆ ಹತ್ತಿರದಲ್ಲಿ ಕೂರಿಸಿದರೆ ದಕ್ಷಿಣಕ್ಕೆ ಓಡುವಾಗ ಇದೇ ತೊಂದರೆ ಬರುತ್ತದೆ. ಹೋಗುವಾಗ ಚೆನ್ನಾಗಿದ್ದ ರೇಡಿಯೊ ಬರುವಾಗ ಕೈಕೊಟ್ಟಿತು ಎಂಬ ದೂರಿನ ಹಿಂದೆ ಇದಕ್ಕಿಂತ ದೊಡ್ಡ ರಹಸ್ಯವೇನೂ ಇರುವುದಿಲ್ಲ.

ಸವಾರನ ದೇಹದ ಅಗಲ 45 ಸೆಂಟಿಮೀಟರ್ ಎಂದು ಹಿಡಿದರೆ, 60 ಸೆಂಟಿಮೀಟರ್ ದೂರದಿಂದ ಅದು ಸುಮಾರು 40 ಡಿಗ್ರಿ ಅಗಲದ ಆಕಾಶವನ್ನು ಮುಚ್ಚುತ್ತದೆ. ಡಾಲಸ್‌ನಿಂದ ನೋಡಿದಾಗ 85 ಮತ್ತು 115 ಡಿಗ್ರಿಯ ಉಪಗ್ರಹಗಳ ನಡುವೆ ದಿಕ್ಕಿನಲ್ಲಿ 50 ಡಿಗ್ರಿಗೂ ಹೆಚ್ಚು ಅಂತರವಿರುವುದರಿಂದ ಎರಡೂ ಒಟ್ಟಿಗೆ ಮರೆಯಾಗುವುದು ಕಷ್ಟ. ಬ್ಯಾಂಗರ್‌ನಲ್ಲಿ ಈ ಅಂತರ 34 ಡಿಗ್ರಿಗೆ ಇಳಿಯುವುದರಿಂದ ಒಬ್ಬನೇ ಸವಾರ ಎರಡನ್ನೂ ಮುಚ್ಚಬಲ್ಲ. ಈಶಾನ್ಯ ರಾಜ್ಯಗಳಲ್ಲಿ ಸುತ್ತುವವರು ಜಾಗದ ಆಯ್ಕೆಯಲ್ಲಿ ಹೆಚ್ಚು ಕಟ್ಟುನಿಟ್ಟಾಗಿರಬೇಕು ಎನ್ನುವುದಕ್ಕೆ ಇದು ಕಾರಣ.

ಹಾಗಾದರೆ ಎಲ್ಲಿಡಬೇಕು? ನನ್ನ ತೀರ್ಮಾನದಂತೆ, ಟಾಪ್ ಕೇಸ್ (ಸೀಟಿನ ಹಿಂದೆ ಕೂರಿಸುವ ಸಾಮಾನಿನ ಪೆಟ್ಟಿಗೆ) ಇರುವ ದೊಡ್ಡ ಬೈಕುಗಳಲ್ಲಿ ಅದರ ಮುಚ್ಚಳದ ಹಿಂಭಾಗವೇ ಮೊದಲ ಆಯ್ಕೆ. ಅದು ಎತ್ತರದಲ್ಲಿದೆ, ಸಮತಲವಾಗಿದೆ, ಸವಾರನಿಂದ ದೂರವಿದೆ. ಹಿಂಬದಿ ಸವಾರರು ಇರುವಾಗ ಅವರ ಬೆನ್ನಿಗೆ ತಾಗಿದ ಮುಂದಿನ ಅಂಚು ಕೆಟ್ಟ ಜಾಗ; ಅಲ್ಲಿಂದ 30 ಸೆಂಟಿಮೀಟರ್ ಹಿಂದಕ್ಕೆ ಸರಿಸಿದರೂ ವ್ಯತ್ಯಾಸ ಕಾಣುತ್ತದೆ. ಆದರೆ ಮುಚ್ಚಳದ ಮೇಲೆ ಲಗೇಜ್ ರ್‍ಯಾಕ್ ಇದ್ದು ಅದರಲ್ಲಿ ಚೀಲ ಕಟ್ಟುವ ಅಭ್ಯಾಸವಿದ್ದರೆ ಈ ಜಾಗ ವ್ಯರ್ಥ. ಅಂಥವರು ರ್‍ಯಾಕಿನಿಂದ ಹಿಂದಕ್ಕೆ ಚಾಚಿದ ಸಣ್ಣ ತಗಡನ್ನು ಮಾಡಿಸಿ ಅದರ ಮೇಲೆ ಕೂರಿಸಬಹುದು. ಟಾಪ್ ಕೇಸ್ ಇಲ್ಲದ ಬೈಕುಗಳಲ್ಲಿ ವಿಂಡ್‌ಶೀಲ್ಡಿನ ಬುಡದ ಮುಂದೆ, ಫೇರಿಂಗಿನ ಮೂಗಿನ ಮೇಲೆ ಇಡುವುದು ಎರಡನೆಯ ಆಯ್ಕೆ; ಅದು ಡ್ಯಾಶ್‌ಬೋರ್ಡಿಗಿಂತ ಸವಾರನಿಂದ ಇನ್ನಷ್ಟು ದೂರ. ಪಾಲಿಕಾರ್ಬೊನೇಟ್ ವಿಂಡ್‌ಶೀಲ್ಡ್ ಈ ತರಂಗಕ್ಕೆ ಅಡ್ಡಿಯಾಗುವುದಿಲ್ಲ, ಆದರೆ ಅದನ್ನು ಹಿಡಿದಿರುವ ಲೋಹದ ಚೌಕಟ್ಟು ಆಗುತ್ತದೆ. ಹ್ಯಾಂಡಲ್‌ಬಾರ್ ಕೊನೆಯ ಆಯ್ಕೆ. ಅಂಗಡಿಗಳಲ್ಲಿ ಸಿಗುವ ಹ್ಯಾಂಡಲ್‌ಬಾರ್ ಕ್ಲಾಂಪ್ ಅನುಕೂಲಕ್ಕಾಗಿ ಮಾಡಿದ್ದೇ ಹೊರತು ಸಿಗ್ನಲಿಗಾಗಿ ಅಲ್ಲ.

ಹೊರಗೆ ಕಾಣಬಾರದೆಂದು ಆಂಟೆನಾವನ್ನು ಪ್ಲಾಸ್ಟಿಕ್ಕಿನ ಕೆಳಗೆ ಅಡಗಿಸುವುದು ಸಾಧ್ಯ, ತಯಾರಕರೂ ಹಾಗೆ ಮಾಡುವುದುಂಟು. ಸಾದಾ ಎಬಿಎಸ್ ಪ್ಲಾಸ್ಟಿಕ್, ಫೈಬರ್‌ಗ್ಲಾಸ್ ಎರಡೂ ಈ ತರಂಗವನ್ನು ಒಳಗೆ ಬಿಡುತ್ತವೆ. ಕಾರ್ಬನ್ ಫೈಬರ್ ಬಿಡುವುದಿಲ್ಲ. ಕ್ರೋಮ್ ಹೊಳಪಿನ ಪ್ಲಾಸ್ಟಿಕ್ ತುಂಡುಗಳು ಮೋಸ ಮಾಡುತ್ತವೆ. ತೂಕದಲ್ಲಿ ಪ್ಲಾಸ್ಟಿಕ್ ಆದರೂ ಮೇಲೆ ನಿಜವಾದ ಲೋಹದ ಪದರವಿರುತ್ತದೆ. ಅಡಗಿಸುವಾಗ ಆಂಟೆನಾದ ಮುಖ ಮೇಲಿನ ಪ್ಲಾಸ್ಟಿಕ್ಕಿಗೆ ಒತ್ತಿಕೊಳ್ಳದಂತೆ ಸ್ವಲ್ಪ ಅಂತರ ಬಿಡಿ, ನೀರು ನಿಲ್ಲುವ ತಗ್ಗಿನಲ್ಲಿ ಇಡಬೇಡಿ. ಒಮ್ಮೆ ಪ್ರವಾಸದ ಎರಡನೆಯ ದಿನ ನನ್ನ ರೇಡಿಯೊ ಪೂರ್ತಿ ಮೂಕವಾಗಿ, ಫ್ಯೂಸ್‌ನಿಂದ ಹಿಡಿದು ಎಲ್ಲವನ್ನೂ ಬಿಚ್ಚಿ ನೋಡಿದ ಮೇಲೆ ತಿಳಿದದ್ದು, ಹಿಂದಿನ ಸಂಜೆ ಮಳೆಗೆಂದು ಟಾಪ್ ಕೇಸಿಗೆ ತೊಡಿಸಿದ್ದ ಹೊದಿಕೆಯ ಒಳಮೈಗೆ ಅಲ್ಯೂಮಿನಿಯಂ ಲೇಪನವಿತ್ತು ಎಂಬುದು.

ಲೋಹದ ತಳ

ಬಿಲ್ಲೆ ಆಂಟೆನಾಗಳನ್ನು ಕಾರಿನ ಚಾವಣಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ವಿನ್ಯಾಸ ಮಾಡಿರುತ್ತಾರೆ. ಕೆಳಗೆ ಲೋಹದ ತಗಡಿದ್ದರೆ ಅವು ಮೇಲಿನ ಆಕಾಶದತ್ತ ಹೆಚ್ಚು ಸಮರ್ಥವಾಗಿ ನೋಡುತ್ತವೆ, ಕೆಳಗಿನ ಬೈಕಿನಿಂದ ಬರುವ ಗದ್ದಲವೂ ಕಡಿಮೆಯಾಗುತ್ತದೆ. ಪ್ಲಾಸ್ಟಿಕ್ ಟಾಪ್ ಕೇಸಿನ ಮೇಲೆ ಕೂರಿಸಿದ ಆಂಟೆನಾಗೆ ಇದು ಇರುವುದಿಲ್ಲ. ಒಂದು ತರಂಗಾಂತರದಷ್ಟು, ಅಂದರೆ 13ರಿಂದ 15 ಸೆಂಟಿಮೀಟರ್ ಅಗಲದ ತೆಳುವಾದ ಉಕ್ಕಿನ ತಗಡನ್ನು ಮುಚ್ಚಳದ ಒಳಮೈಗೆ ಅಂಟಿಸಿ, ಹೊರಗೆ ಅದರ ನಡುಮಧ್ಯಕ್ಕೆ ಆಂಟೆನಾ ಇಟ್ಟರೆ ಸಾಕು. ತಗಡಿಗೆ ಬಣ್ಣ ಬಳಿದಿದ್ದರೂ, ನಡುವೆ ಮುಚ್ಚಳದ ತೆಳು ಪ್ಲಾಸ್ಟಿಕ್ ಇದ್ದರೂ ಕೆಲಸ ನಡೆಯುತ್ತದೆ. ಈ ಕಂಪನಾಂಕದಲ್ಲಿ ತಂತಿಯಿಂದ ಜೋಡಿಸುವ ಅಗತ್ಯವಿಲ್ಲ. ಅಲ್ಯೂಮಿನಿಯಂ ತಗಡೂ ಅಷ್ಟೇ ಒಳ್ಳೆಯದು, ಆಯಸ್ಕಾಂತ ಅಂಟುವುದಿಲ್ಲ ಎಂಬುದೊಂದೇ ಕೊರತೆ.

ಆಯಸ್ಕಾಂತವನ್ನು ಮಾತ್ರ ನಂಬಿ ಹೆದ್ದಾರಿಗೆ ಇಳಿಯಬಾರದು. ಕಾರಿನ ಚಾವಣಿಯಲ್ಲಿ ನಿಲ್ಲುವ ಬಿಲ್ಲೆ, ಬೈಕಿನ ಅದುರುವಿಕೆಗೆ ಮೆಲ್ಲಗೆ ಸರಿದು, ಗಾಳಿಗೆ ಅಂಚು ಎದ್ದು, ತನ್ನದೇ ಕೇಬಲ್ಲಿಗೆ ನೇತಾಡುತ್ತಾ ಬಣ್ಣ ಕೆರೆಯುತ್ತದೆ. ಒಳ್ಳೆಯ ಗುಣಮಟ್ಟದ ಎರಡು ಬದಿಯ ಫೋಮ್ ಟೇಪ್ ಬಳಸಿ, ಅಂಟಿಸುವ ಮೇಲ್ಮೈಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರಸಿ, ಒಂದು ದಿನ ಹಾಗೆಯೇ ಬಿಟ್ಟು ಆಮೇಲೆ ಓಡಿಸಿ.

ಕೇಬಲ್, ಕನೆಕ್ಟರ್, ವಿದ್ಯುತ್

ಆಂಟೆನಾದೊಳಗಿನ ಆಂಪ್ಲಿಫೈಯರಿಗೆ ಬೇಕಾದ ವಿದ್ಯುತ್ತು ಸಿಗ್ನಲ್ ಬರುವ ಅದೇ ಕೊಆಕ್ಸ್ ಕೇಬಲ್ಲಿನಲ್ಲಿ (ನಡುವೆ ಒಂದು ತಂತಿ, ಅದರ ಸುತ್ತ ಲೋಹದ ಹೊರಕವಚ ಇರುವ ಕೇಬಲ್) ರಿಸೀವರಿನಿಂದ ಮೇಲಕ್ಕೆ ಹೋಗುತ್ತದೆ. ಹೀಗಾಗಿ ಕೇಬಲ್ಲನ್ನು ಕತ್ತರಿಸಿ ಸಾಮಾನ್ಯ ತಂತಿಯ ಹಾಗೆ ತಿರುಚಿ ಬೆಸೆಯುವುದು ದೊಡ್ಡ ತಪ್ಪು. ವಿದ್ಯುತ್ ಹರಿದರೂ ಸಿಗ್ನಲ್ ಆ ಗಂಟಿನಲ್ಲಿ ಸೋರಿಹೋಗುತ್ತದೆ. ಹೆಚ್ಚಾದ ಉದ್ದವನ್ನು ಕತ್ತರಿಸದೆ, ಐದಾರು ಸೆಂಟಿಮೀಟರ್ ಅಗಲಕ್ಕಿಂತ ಚಿಕ್ಕದಾಗದ ಸಡಿಲ ಸುರುಳಿ ಮಾಡಿ ಸೀಟಿನ ಕೆಳಗೆ ಕಟ್ಟಿಡಿ. ಉದ್ದ ಸಾಲದಿದ್ದರೆ ಇದೇ ಕೆಲಸಕ್ಕೆ ಮಾಡಿದ ಒಂದೇ ಒಂದು ವಿಸ್ತರಣೆ ಕೇಬಲ್ ಬಳಸಿ. ತೆಳುವಾದ ಕೊಆಕ್ಸ್ ಈ ಕಂಪನಾಂಕದಲ್ಲಿ ಮೀಟರು ಮೀಟರಿಗೂ ಸಿಗ್ನಲ್ ತಿನ್ನುತ್ತದೆ. ಆಂಪ್ಲಿಫೈಯರ್ ಆಂಟೆನಾದ ತುದಿಯಲ್ಲೇ ಇರುವುದರಿಂದ ಒಂದಿಷ್ಟು ನಷ್ಟವನ್ನು ತಾಳಿಕೊಳ್ಳಬಹುದು, ಮೂರು ತುಂಡುಗಳನ್ನು ಜೋಡಿಸಿದರೆ ಅದೂ ಮೀರುತ್ತದೆ. ಎರಡು ರಿಸೀವರಿಗೆ ಒಂದೇ ಆಂಟೆನಾ ಹಂಚಲು ಟಿವಿ ಕೇಬಲ್ಲಿನ ಸ್ಪ್ಲಿಟರ್ ಹಾಕುವ ಯೋಚನೆ ಬೇಡ. ಅದು ವಿದ್ಯುತ್ತನ್ನು ಸರಿಯಾಗಿ ದಾಟಿಸುವುದೂ ಇಲ್ಲ, ಈ ಕಂಪನಾಂಕಕ್ಕೆ ಮಾಡಿದ್ದೂ ಅಲ್ಲ.

ಬಿಡಿ ಆಂಟೆನಾಗಳ ತುದಿಯಲ್ಲಿ ಸಾಮಾನ್ಯವಾಗಿ ಎಸ್‌ಎಂಬಿ ಎಂಬ ಒತ್ತಿ ಕೂರಿಸುವ ಸಣ್ಣ ಕನೆಕ್ಟರ್ ಇರುತ್ತದೆ. ಕಾರ್ಖಾನೆಯಲ್ಲೇ ರೇಡಿಯೊ ಅಳವಡಿಸಿ ಬಂದ ವಾಹನಗಳಲ್ಲಿ ಫಾಕ್ರಾ ಎಂಬ ಬಣ್ಣದ ಪ್ಲಾಸ್ಟಿಕ್ ಕವಚದ ಕನೆಕ್ಟರ್ ಹೆಚ್ಚು. ಎಸ್‌ಎಂಬಿ ಅದುರುವಿಕೆಗೆ ಮೆಲ್ಲಗೆ ಹಿಂದೆ ಸರಿಯುವುದುಂಟು. ಕೂರಿಸುವಾಗ ಕ್ಲಿಕ್ ಎಂಬ ಸದ್ದು ಕೇಳಿಸಬೇಕು. ಕೂರಿಸಿದ ಮೇಲೆ ಕೇಬಲ್ಲನ್ನು ಕನೆಕ್ಟರಿನ ಹತ್ತಿರದಲ್ಲೇ ಗಟ್ಟಿ ಭಾಗವೊಂದಕ್ಕೆ ಕಟ್ಟಿ, ಎಳೆತ ಕನೆಕ್ಟರಿನ ಮೇಲೆ ಬೀಳದಂತೆ ಮಾಡಬೇಕು. ಹೊರಗಿರುವ ಜೋಡಣೆಗೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಸುತ್ತಿ, ಕೇಬಲ್ಲು ಪೆಟ್ಟಿಗೆಯೊಳಗೆ ಹೋಗುವ ಮೊದಲು ಒಮ್ಮೆ ಕೆಳಗೆ ಬಾಗಿ ಮೇಲೇರುವಂತೆ ಬಿಟ್ಟರೆ ಮಳೆನೀರು ಆ ಬಾಗಿನಲ್ಲಿ ತೊಟ್ಟಿಕ್ಕಿ ಬೀಳುತ್ತದೆ, ಒಳಗೆ ಹರಿಯುವುದಿಲ್ಲ. ಹಸಿರು ತುಕ್ಕು ಕಂಡ ಕನೆಕ್ಟರನ್ನು ಉಜ್ಜಿ ಉಳಿಸಿಕೊಳ್ಳುವ ಪ್ರಯತ್ನ ಬಹುಕಾಲ ಬಾಳುವುದಿಲ್ಲ.

ಕೇಬಲ್ ಹಾಯಿಸುವಾಗ ಮೂರು ಕಡೆ ಎಚ್ಚರ ಬೇಕು. ಟಾಪ್ ಕೇಸಿನ ಮತ್ತು ಸೀಟಿನ ಕೀಲುಗಳಲ್ಲಿ ಮುಚ್ಚಿ ತೆರೆಯುವಾಗ ಅದು ಸಿಕ್ಕಿಕೊಳ್ಳಬಾರದು. ಹ್ಯಾಂಡಲನ್ನು ಎಡದ ಕೊನೆಯಿಂದ ಬಲದ ಕೊನೆಯವರೆಗೆ ತಿರುಗಿಸಿದಾಗ ಎಲ್ಲೂ ಬಿಗಿಯಬಾರದು. ಎಕ್ಸಾಸ್ಟ್ ಕೊಳವೆಯ ಬಿಸಿ ತಾಗಬಾರದು. ಒಳಗೆ ಜಜ್ಜಿದ ಕೊಆಕ್ಸ್ ಹೊರಗೆ ಚೆನ್ನಾಗಿಯೇ ಕಾಣುತ್ತದೆ. ಸಂಶಯವಿದ್ದರೆ ಆಂಟೆನಾ ಕಳಚಿ, ರಿಸೀವರ್ ಚಾಲೂ ಇಟ್ಟು, ರಿಸೀವರಿನ ಆಂಟೆನಾ ತೂತಿನ ನಡುಪಿನ್ನಿಗೂ ಹೊರಕವಚಕ್ಕೂ ನಡುವೆ ಮಲ್ಟಿಮೀಟರಿನಲ್ಲಿ ಕೆಲವು ವೋಲ್ಟ್ ಬರುತ್ತಿದೆಯೇ ನೋಡಿ, ಎರಡನ್ನೂ ಮೀಟರಿನ ತುದಿಯಿಂದ ಒಟ್ಟಿಗೆ ಮುಟ್ಟಿಸದಂತೆ ನೋಡಿಕೊಳ್ಳಿ. ಅಲ್ಲಿ ವೋಲ್ಟೇಜ್ ಇದ್ದೂ ಸಿಗ್ನಲ್ ಇಲ್ಲವಾದರೆ ತಪ್ಪು ಕೇಬಲ್ ಅಥವಾ ಆಂಟೆನಾದಲ್ಲಿದೆ.

ರಿಸೀವರಿಗೆ ವಿದ್ಯುತ್ತನ್ನು ಕೀಲಿ ತಿರುಗಿಸಿದಾಗ ಮಾತ್ರ ಬರುವ, ಫ್ಯೂಸ್ ಇರುವ ಸಾಲಿನಿಂದ ತೆಗೆದುಕೊಳ್ಳಿ. ಡಾಕ್ (ಕಳಚಿ ಕೂರಿಸಬಹುದಾದ ತೊಟ್ಟಿಲು) ಬಳಸುವ ಚಿಕ್ಕ ರಿಸೀವರುಗಳಲ್ಲಿ ಕೆಲವು 5 ವೋಲ್ಟಿನವು, ಕೆಲವು ಬೇರೆ ವೋಲ್ಟೇಜಿನವು. ಅಡಾಪ್ಟರಿನ ಮೇಲಿನ ಬರಹ ಓದದೆ ಚುಚ್ಚಿದರೆ ರಿಸೀವರ್ ಸುಟ್ಟುಹೋಗಬಹುದು.

ಪಕ್ಕದಲ್ಲಿರುವ ಬೇರೆ ಉಪಕರಣಗಳು

ಟೂರಿಂಗ್ ಬೈಕುಗಳಲ್ಲಿ ಸಿಬಿ ರೇಡಿಯೊ (ಸವಾರರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ರೇಡಿಯೊ) ಇರುವುದು ಸಾಮಾನ್ಯ. ಅದು 27 ಮೆಗಾಹರ್ಟ್ಸ್‌ನಲ್ಲಿ 4 ವ್ಯಾಟ್‌ವರೆಗೆ ಪ್ರಸಾರ ಮಾಡುತ್ತದೆ. ಕಂಪನಾಂಕ ತೀರಾ ಬೇರೆಯಾದರೂ, ಅದರ ಕೋಲಿನ ಬುಡದಲ್ಲೇ ಬಿಲ್ಲೆ ಆಂಟೆನಾ ಕೂರಿಸಿದ್ದರೆ ಮಾತಾಡಲು ಗುಂಡಿ ಒತ್ತಿದಾಗ ಒಳಗಿನ ಆಂಪ್ಲಿಫೈಯರ್ ಉಸಿರುಗಟ್ಟಬಹುದು. ಗುಂಡಿ ಒತ್ತಿದ ಕ್ಷಣಕ್ಕೆ ಸರಿಯಾಗಿ ಉಪಗ್ರಹ ರೇಡಿಯೊ ನಿಲ್ಲುತ್ತಿದ್ದರೆ ಎರಡನ್ನೂ ಸಾಧ್ಯವಾದಷ್ಟು ದೂರವಿಡಿ, ಒಂದು ಎಡಗಡೆ ಇದ್ದರೆ ಇನ್ನೊಂದು ಬಲಗಡೆ ಇರಲಿ.

ಫೋನುಗಳ ವಿಷಯ ಸ್ವಲ್ಪ ನಾಜೂಕಿನದು. ಅಮೆರಿಕದಲ್ಲಿ ಬ್ಯಾಂಡ್ 30 ಎಂಬ 4ಜಿ ಪಟ್ಟಿಯಲ್ಲಿ ಫೋನು 2305ರಿಂದ 2315 ಮೆಗಾಹರ್ಟ್ಸ್‌ವರೆಗೆ ಪ್ರಸಾರ ಮಾಡುತ್ತದೆ, ಗೋಪುರ 2350ರಿಂದ 2360ರವರೆಗೆ ಪ್ರಸಾರ ಮಾಡುತ್ತದೆ. ಉಪಗ್ರಹ ರೇಡಿಯೊ ಈ ಎರಡರ ನಡುವೆ ಸಿಕ್ಕಿಕೊಂಡಿದೆ. ಆದ್ದರಿಂದ ಡ್ಯಾಶ್‌ಬೋರ್ಡಿನಲ್ಲಿ ಫೋನನ್ನೂ ಬಿಲ್ಲೆಯನ್ನೂ ಅಕ್ಕಪಕ್ಕ ಇಡುವುದು ಜಾಣತನವಲ್ಲ. ಬ್ಲೂಟೂತ್ ಹೆಡ್‌ಸೆಟ್ 2.4 ಗಿಗಾಹರ್ಟ್ಸ್‌ನದಾದರೂ ಅದರ ಶಕ್ತಿ ಕಡಿಮೆ, ಅದರಿಂದ ತೊಂದರೆಯಾಗುವುದು ಅಪರೂಪ. ಆದರೂ ಹೆಡ್‌ಸೆಟ್ಟಿನ ತೊಂದರೆಯನ್ನು ಸಿಗ್ನಲಿನ ತೊಂದರೆ ಎಂದು ತಪ್ಪು ತಿಳಿಯುವುದು ಬಹಳ ಸಾಮಾನ್ಯ: ಧ್ವನಿ ತುಂಡಾದಾಗ ಬೈಕಿನ ಸ್ಪೀಕರಿನಲ್ಲಿ ಸರಿಯಾಗಿಯೇ ಬರುತ್ತಿದ್ದರೆ ದೋಷ ಬ್ಲೂಟೂತ್ ಕೊಂಡಿಯಲ್ಲಿದೆ. ಡ್ಯಾಶ್ ಕ್ಯಾಮೆರಾ, ಯುಎಸ್‌ಬಿ ಚಾರ್ಜರ್, ಹೆಚ್ಚುವರಿ ಎಲ್‌ಇಡಿ ದೀಪಗಳನ್ನು ಸಂಶಯಿಸುವವರು ಒಂದೊಂದನ್ನೇ ಆರಿಸಿ ಸಿಗ್ನಲ್ ಪಟ್ಟಿ ನೋಡಲಿ. ಎರಡು ನಿಮಿಷದ ಕೆಲಸ.

ರಸ್ತೆಯ ಮಿತಿಗಳು

ಎಲ್ಲವನ್ನೂ ಸರಿಪಡಿಸಿದ ಮೇಲೂ ಕೆಲವು ಜಾಗಗಳಲ್ಲಿ ರೇಡಿಯೊ ನಿಲ್ಲುತ್ತದೆ. ಉದ್ದನೆಯ ಸುರಂಗ, ಬ್ಲೂ ರಿಡ್ಜ್ ಪಾರ್ಕ್‌ವೇಯಂಥ ರಸ್ತೆಯ ಮೇಲೆ ಬೇಸಿಗೆಯ ಎಲೆಗಳು ಚಪ್ಪರ ಕಟ್ಟಿದ ಭಾಗ, ಎತ್ತರದ ಬೆಟ್ಟದ ಉತ್ತರ ಮಗ್ಗುಲಿಗೆ ಅಂಟಿಕೊಂಡ ದಾರಿ, ಇಲ್ಲೆಲ್ಲ ದಕ್ಷಿಣದ ಆಕಾಶವೇ ಇರುವುದಿಲ್ಲ. ಅಲಾಸ್ಕಾಕ್ಕೆ ಹೊರಟವರು ಉಪಗ್ರಹವನ್ನು ನಂಬಬಾರದು. ಆಂಕರೇಜ್‌ನಲ್ಲಿ 115 ಡಿಗ್ರಿಯ ಉಪಗ್ರಹ ದಿಗಂತದಿಂದ 15 ಡಿಗ್ರಿಯಷ್ಟೇ ಮೇಲಿರುತ್ತದೆ, ಸೇವೆಯ ಉಪಗ್ರಹ ವ್ಯಾಪ್ತಿಯೂ ಅಲ್ಲಿಗಿಲ್ಲ. ಇಂಥ ದಾರಿಗಳಿಗೆ ಫೋನಿನ ಆ್ಯಪ್‌ನಲ್ಲಿ ಮೊದಲೇ ಇಳಿಸಿಟ್ಟುಕೊಂಡ ಕಾರ್ಯಕ್ರಮಗಳೇ ಗತಿ, ಏಕೆಂದರೆ ಉಪಗ್ರಹ ಸಿಗದ ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ಲೂ ಹೆಚ್ಚಾಗಿ ಇರುವುದಿಲ್ಲ.

ಕೆಲಸ ಮುಗಿದ ಮೇಲೆ ಎಂಟು ದಿಕ್ಕಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು. ಈ ಸಲ ಪ್ರವಾಸದ ಪೂರ್ತಿ ಸಾಮಾನು ಕಟ್ಟಿ, ಹಿಂಬದಿ ಸವಾರರನ್ನು ಕೂರಿಸಿಕೊಂಡು, ಮೊದಲು ಬರೆದಿಟ್ಟ ಅಂಕಿಗಳೊಂದಿಗೆ ಹೋಲಿಸಿ ನೋಡಿ. ಯಾವುದಾದರೂ ದಿಕ್ಕಿನಲ್ಲಿ ಪಟ್ಟಿ ಇನ್ನೂ ಕುಸಿಯುತ್ತಿದ್ದರೆ ಆಂಟೆನಾವನ್ನು ಒಂದು ಗೇಣು ಆಚೀಚೆ ಸರಿಸಿ ಮತ್ತೆ ನೋಡಿ. ಟೇಪ್ ಅಂಟಿಸುವುದು ಅದಾದ ಮೇಲೆ.